‘ನನ್ನನ್ನು ಮುಟ್ಟಬೇಡಿ’ ಅಂದ ರೋಗಿಯನ್ನು ಡಾಕ್ಟರು ಉಳಿಸಬೇಕಾ, ಬಿಡಬೇಕಾ?

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ದೊಡ್ಡಮ್ಮ ಫೋನ್ ಮಾಡಿದರು. ದೊಡ್ಡಪ್ಪನಿಗೆ ಎದೆ ಹಿಂಡಿದ ಹಾಗಾಗುತ್ತಿದೆ, ಬನಿಯನ್ ಬೆವರಿಗೆ ತೊಯ್ದುಹೋಗಿದೆ, 108ಕ್ಕೂ ಹೇಳಿದ್ದಾಯಿತು. “ಆದ್ರೆ ಇವರು ಕುರ್ಚಿ ಬಿಟ್ಟು ಏಳ್ತಾನೇ ಇಲ್ಲ ಕಣೋ, ನೀನಾದ್ರೂ ಬಾ.”

ನಮ್ಮದು ಶ್ರೀನಗರ, ಅವರದು ಹನುಮಂತನಗರ. ನಾನು ಹೋಗುವಷ್ಟರಲ್ಲಿ ಆಂಬುಲೆನ್ಸ್ ಗೇಟಿನ ಮುಂದೆ ನಿಂತಿತ್ತು. ದೊಡ್ಡಪ್ಪ ಹಾಲಿನಲ್ಲಿ ಜೀರಿಗೆ ಕಷಾಯದ ಲೋಟ ಹಿಡಿದು ಕೂತಿದ್ದರು. “ಗ್ಯಾಸು ಕಣೋ. ಸಂಜೆ ಬೋಂಡಾ ತಿಂದಿದ್ದೆ. ನಾನೆಲ್ಲೂ ಬರಲ್ಲ.” ಆಂಬುಲೆನ್ಸಿನಲ್ಲಿ ಬಂದಿದ್ದ ಹುಡುಗ ವಾದ ಮಾಡಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, “ಸಾರ್, ಇದು ಹಾರ್ಟ್ ಆಗಿದ್ರೆ ಏನಾಗುತ್ತೆ ಅಂತ ಒಂದು ನಿಮಿಷ ಹೇಳ್ತೀನಿ. ಆಮೇಲೆ ಅದನ್ನೇ ನೀವು ನಂಗೆ ವಾಪಸ್ ಹೇಳಿ. ಆಗ್ಲೂ ಬೇಡ ಅಂದ್ರೆ ಸಹಿ ತಗೊಂಡು ಹೋಗ್ತೀನಿ” ಅಂದ. ಹೇಳಿದ. ದೊಡ್ಡಪ್ಪ ಅರ್ಧ ವಾಪಸ್ ಹೇಳಿದರು, ನಡುವೆ ನಿಲ್ಲಿಸಿದರು, ಲೋಟ ಕೆಳಗಿಟ್ಟರು. ಆಮೇಲೆ ದೊಡ್ಡಮ್ಮನ ಕಡೆ ನೋಡದೆ ಕೇಳಿದರು: “ಎಷ್ಟಾಗುತ್ತಪ್ಪಾ?”

ಅಲ್ಲಿಗೆ ಗ್ಯಾಸಿನ ವಿಷಯ ಮುಗಿಯಿತು. ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಹತ್ತಿದರು. ಸ್ಟೆಂಟ್ ಹಾಕಿದರು, ಈಗ ಆರಾಮಾಗಿದ್ದಾರೆ. ಆದರೆ ಮಾರನೇ ದಿನದಿಂದ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಚರ್ಚೆ. ಅವರು ಕೊನೆವರೆಗೂ ಬರಲ್ಲ ಅಂದಿದ್ದರೆ ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗಬಹುದಿತ್ತಾ? ಆಸ್ಪತ್ರೆಯಲ್ಲಿ ಹಟ ಹಿಡಿದಿದ್ದರೆ ಡಾಕ್ಟರು ಕೈಕಾಲು ಹಿಡಿದು ಇಂಜೆಕ್ಷನ್ ಕೊಡಬಹುದಿತ್ತಾ? ಅರ್ಧ ಜನ ‘ಪ್ರಾಣಕ್ಕಿಂತ ದೊಡ್ಡದೇನಿದೆ’ ಅಂದರು, ಇನ್ನರ್ಧ ‘ಅವರ ಮೈ, ಅವರಿಷ್ಟ’ ಅಂದರು. ಎರಡೂ ಪೂರ್ತಿ ಸರಿಯಲ್ಲ. ಯಾಕೆ ಅಂತ ಬುಡದಿಂದ ನೋಡೋಣ.

‘ಆಗಲಿ’ ಅಂದ ಮೇಲೇ ಕೈ ಹಾಕಬೇಕು

ವೈದ್ಯಕೀಯದ ಮೂಲ ನಿಯಮ ಬಹಳ ಸರಳ. ಹದಿನೆಂಟು ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ವ್ಯಕ್ತಿಗೆ ಚಿಕಿತ್ಸೆ ಕೊಡುವ ಮೊದಲು ಅವರ ಒಪ್ಪಿಗೆ ಬೇಕು. ಆಸ್ಪತ್ರೆಯವರು ಕನ್ಸೆಂಟ್ ಅನ್ನುವುದು ಇದನ್ನೇ. ನಾವು ಕನ್ಸೆಂಟ್ ಅಂದರೆ ಆ ನಾಲ್ಕು ಪುಟದ ಫಾರಂ ಅಂದುಕೊಂಡಿದ್ದೇವೆ, ಆದರೆ ಫಾರಂ ಬರೀ ದಾಖಲೆ. ಏನು ಮಾಡುತ್ತಾರೆ, ಯಾಕೆ, ಮಾಡದಿದ್ದರೆ ಏನಾಗುತ್ತೆ, ಬೇರೆ ದಾರಿ ಇದೆಯಾ ಅಂತ ರೋಗಿಗೆ ಗೊತ್ತಾಗಿ, ಯಾರ ಒತ್ತಾಯವೂ ಇಲ್ಲದೆ ‘ಆಗಲಿ’ ಅನ್ನುವುದೇ ನಿಜವಾದ ಒಪ್ಪಿಗೆ.

ಗಾಡಿ ಸರ್ವೀಸಿಗೆ ಬಿಟ್ಟಾಗ ಏನಾಗುತ್ತದೆ ನೋಡಿ. ಆಯಿಲ್ ಬದಲಾಯಿಸಿ ಅಂತ ಬಿಟ್ಟಿರುತ್ತೀರಿ. ಮೆಕ್ಯಾನಿಕ್ ಫೋನ್ ಮಾಡಿ “ಸಾರ್, ಬ್ರೇಕ್ ಶೂ ಸವೆದುಹೋಗಿದೆ, ಹೊಸದು ಹಾಕ್ಲಾ?” ಅಂತ ಕೇಳುತ್ತಾನೆ. ಕೇಳದೆ ಹಾಕಿ ಬಿಲ್ಲಿಗೆ ಸೇರಿಸಿದರೆ ಜಗಳ ಗ್ಯಾರಂಟಿ, ಬ್ರೇಕ್ ಶೂ ನಿಜವಾಗಿ ಸವೆದಿದ್ದರೂ.

2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಹೆಚ್ಚುಕಡಿಮೆ ಇಂಥದ್ದೇ ವಿಷಯ. ಒಬ್ಬ ಮಹಿಳೆ ತೊಂದರೆ ಏನೆಂದು ಪರೀಕ್ಷೆ ಮಾಡಿಸಲು ಅರಿವಳಿಕೆ ತೆಗೆದುಕೊಂಡಿದ್ದರು. ಅವರು ಮಲಗಿದ್ದಾಗಲೇ ವೈದ್ಯರು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಒಳ್ಳೆಯದಕ್ಕೇ ಮಾಡಿದ್ದು ಅಂತ ವೈದ್ಯರ ವಾದ. ಕೋರ್ಟ್ ಒಪ್ಪಲಿಲ್ಲ. ಆ ಕ್ಷಣಕ್ಕೆ ಪ್ರಾಣಾಪಾಯ ಇರಲಿಲ್ಲ, ರೋಗಿ ಎಚ್ಚರವಾದ ಮೇಲೆ ಕೇಳಬಹುದಿತ್ತು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ ಅಂತ ಹೇಳಿತು.

‘ಆಗಲಿ’ ಅನ್ನುವ ಹಕ್ಕು ಇದ್ದರೆ ‘ಬೇಡ’ ಅನ್ನುವ ಹಕ್ಕೂ ಇರಲೇಬೇಕು, ಇಲ್ಲದಿದ್ದರೆ ಕೇಳುವುದು ಬರೀ ನಾಟಕ ಆಗುತ್ತದೆ ಅಲ್ವಾ? 2018ರ ಮಾರ್ಚ್ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನೂ ಒಪ್ಪಿಕೊಂಡಿದೆ. ತಿಳಿದು ನಿರ್ಧಾರ ತೆಗೆದುಕೊಳ್ಳಬಲ್ಲ ವಯಸ್ಕರು ಚಿಕಿತ್ಸೆ ಬೇಡ ಅನ್ನಬಹುದು, ಅದು ಜೀವ ಉಳಿಸುವ ಚಿಕಿತ್ಸೆಯೇ ಆಗಿದ್ದರೂ.

ಪ್ರಜ್ಞೆ ಇಲ್ಲದಿದ್ದರೆ ಯಾರನ್ನು ಕೇಳೋದು?

ಎಮರ್ಜೆನ್ಸಿಗೆ ಒಂದು ವಿನಾಯಿತಿ ಇದೆ. ರಿಂಗ್ ರೋಡಿನಲ್ಲಿ ಬೈಕಿನಿಂದ ಬಿದ್ದವರನ್ನು ಕ್ಯಾಶುಯಲ್ಟಿಗೆ ತಂದಾಗ ಪ್ರಜ್ಞೆ ಇಲ್ಲ, ಮನೆಯವರು ಯಾರೆಂದು ಗೊತ್ತಿಲ್ಲ, ಫೋನ್ ಲಾಕ್ ಆಗಿದೆ. ಡಾಕ್ಟರು ಕಾಯುತ್ತಾ ಕೂರುವ ಹಾಗಿಲ್ಲ. ಪ್ರಜ್ಞೆ ಇದ್ದಿದ್ದರೆ ಸಾಮಾನ್ಯ ಮನುಷ್ಯ ‘ಉಳಿಸಿ’ ಅಂತಲೇ ಹೇಳುತ್ತಿದ್ದ ಅಂತ ಊಹಿಸಿಕೊಂಡು ಕೆಲಸ ಶುರು ಮಾಡುತ್ತಾರೆ. ಪಕ್ಕದ ಮನೆಯವರು ಊರಲ್ಲಿಲ್ಲ, ಅಡುಗೆಮನೆಯಿಂದ ಹೊಗೆ ಬರುತ್ತಿದೆ ಅಂದರೆ ಬೀಗ ಒಡೆಯುತ್ತೀರಲ್ಲ, ಹಾಗೆ. ಆದರೆ ಬೀಗ ಒಡೆದ ಮೇಲೆ ಬೆಂಕಿ ಆರಿಸಿ ಬರಬೇಕು, ಬೀರು ತೆಗೆದು ಸೀರೆ ಜೋಡಿಸುವ ಹಾಗಿಲ್ಲ. ಎಮರ್ಜೆನ್ಸಿ ವಿನಾಯಿತಿಯೂ ಅಷ್ಟಕ್ಕೇ: ಈಗ ಪ್ರಾಣ ಅಥವಾ ಅಂಗ ಉಳಿಸಲು ಬೇಕಾದ್ದು ಮಾತ್ರ. ಮಿಕ್ಕಿದ್ದು ರೋಗಿಗೆ ಎಚ್ಚರ ಬಂದ ಮೇಲೆ.

ಈ ಮಾತು ನಮ್ಮ ಕಾನೂನಿನಲ್ಲಿ 1860ರಿಂದಲೂ ಇದೆ. ಆಗ ದಂಡ ಸಂಹಿತೆಯ 92ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಒಳ್ಳೆಯದಕ್ಕಾಗಿ ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಅಂತ ಅದರ ಸಾರ. ಹಳೇ ಕಾನೂನಿನವರು ಕೊಟ್ಟ ಉದಾಹರಣೆ ಮಜವಾಗಿದೆ. ಒಬ್ಬನನ್ನು ಹುಲಿ ಎತ್ತಿಕೊಂಡು ಹೋಗುತ್ತಿದೆ, ಇನ್ನೊಬ್ಬ ಅವನನ್ನು ಬಿಡಿಸಲು ಹುಲಿಗೆ ಗುಂಡು ಹಾರಿಸುತ್ತಾನೆ, ಗುಂಡು ಮನುಷ್ಯನಿಗೇ ತಗಲುತ್ತದೆ. ಅಪರಾಧವಿಲ್ಲ. ಹುಲಿ ಬಾಯಲ್ಲಿರುವವನ ಹತ್ತಿರ ‘ಹೊಡೀಲಾ?’ ಅಂತ ಕೇಳಿಕೊಂಡು ಕೂರಲು ಆಗುತ್ತಾ?

ಇದರ ಜೊತೆಗೆ 1989ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಗಾಯಗೊಂಡು ಬಂದವರಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕಾಗದಪತ್ರ ಆಮೇಲೆ. ‘ಎಂಎಲ್‌ಸಿ (ಅಂದರೆ ಪೊಲೀಸರಿಗೆ ತಿಳಿಸಬೇಕಾದ) ಕೇಸು, ಸ್ಟೇಷನ್ನಿಂದ ಬರಲಿ ಇರಿ’ ಅನ್ನುವಂತಿಲ್ಲ.

ಇಲ್ಲಿಯವರೆಗೆ ಲೆಕ್ಕ ಸುಲಭ. ಪ್ರಜ್ಞೆ ಇದ್ದರೆ ಕೇಳು, ಇಲ್ಲದಿದ್ದರೆ ಉಳಿಸು. ಕಷ್ಟ ಬರುವುದು ಇವೆರಡರ ನಡುವೆ, ರೋಗಿ ಕಣ್ಣು ಬಿಟ್ಟಿದ್ದಾರೆ, ಬಾಯಲ್ಲಿ ‘ಬೇಡ’ ಅನ್ನುತ್ತಿದ್ದಾರೆ, ಗಡಿಯಾರ ಓಡುತ್ತಿದೆ.

ಮಾತಾಡುತ್ತಿರುವುದು ರೋಗಿಯಾ, ಅವರ ಶುಗರ್ರಾ?

ಒಂದು ಉದಾಹರಣೆ ತೆಗೆದುಕೊಳ್ಳೋಣ, ಕ್ಯಾಶುಯಲ್ಟಿಯಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸದಲ್ಲ. ಐವತ್ತೈದರ ಒಬ್ಬರು, ಶುಗರ್ ಇದೆ, ಬೆಳಗ್ಗೆ ಇನ್ಸುಲಿನ್ ತೆಗೆದುಕೊಂಡು ತಿಂಡಿ ಬಿಟ್ಟು ಮದುವೆ ಮನೆಗೆ ಓಡಾಡಿದ್ದಾರೆ. ಮಧ್ಯಾಹ್ನ ಮಂಚದ ಮೇಲೆ ಕೂತು ಎಲ್ಲರನ್ನೂ ಬಯ್ಯುತ್ತಿದ್ದಾರೆ. ನರ್ಸ್ ಕೈ ಹಿಡಿದರೆ ತಳ್ಳುತ್ತಾರೆ. “ಬಿಡ್ರೀ ನನ್ನ, ನಂಗೇನೂ ಬೇಡ, ಮನೆಗೆ ಹೋಗ್ಬೇಕು.” ಮಾತು ಸ್ಪಷ್ಟವಾಗಿದೆ. ಮೈ ಬೆವತು ತಣ್ಣಗಾಗಿದೆ. ಹೇಗೋ ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ 38.

ಶುಗರ್ 70ಕ್ಕಿಂತ ಕೆಳಗೆ ಬಂದರೆ ಕಡಿಮೆ ಅಂತ ಲೆಕ್ಕ. ಮಿದುಳಿಗೆ ಗ್ಲೂಕೋಸೇ ಮುಖ್ಯ ಆಹಾರ. ಅದು ಸಿಗದಿದ್ದರೆ ಮೊದಲು ಹೋಗುವುದು ಯೋಚನೆ ಮಾಡುವ ಶಕ್ತಿ, ನಾಲಿಗೆ ಇನ್ನೂ ಸ್ವಲ್ಪ ಹೊತ್ತು ಓಡುತ್ತಿರುತ್ತದೆ. ಇಬ್ಬರು ಹಿಡಿದುಕೊಂಡು ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಅದೇ ಮನುಷ್ಯ ಸುತ್ತ ನೋಡಿ, “ನಾನ್ಯಾಕೆ ಇಲ್ಲಿದ್ದೀನಿ? ಯಾರಿಗಾದ್ರೂ ಬೈದ್ನಾ?” ಅಂತ ಸಂಕೋಚದಿಂದ ಕೇಳುತ್ತಾರೆ.

ಆ ಮೊದಲ ‘ಬೇಡ’ ಅವರದ್ದು ಅಂತ ಗೌರವಿಸಿದ್ದರೆ ಅವರಿಗೆ ಮಾಡಿದ ದೊಡ್ಡ ಅನ್ಯಾಯ ಆಗುತ್ತಿತ್ತು. ಆಮ್ಲಜನಕ ಕಡಿಮೆಯಾದಾಗ, ತಲೆಗೆ ಪೆಟ್ಟು ಬಿದ್ದಾಗ, ಜ್ವರ ಮಿದುಳಿಗೆ ಏರಿದಾಗ, ಕುಡಿದು ನಿಲ್ಲಲಾಗದಾಗ ಕೂಡ ಹೀಗೇ. ತಲೆಪೆಟ್ಟಂತೂ ಮೋಸದ್ದು. ತಲೆಬುರುಡೆಯ ಒಳಗೆ ರಕ್ತ ಒಸರುತ್ತಿದ್ದರೂ ಕೆಲವರು ನಡುವೆ ಒಂದಷ್ಟು ಹೊತ್ತು ಚೆನ್ನಾಗೇ ಮಾತಾಡುತ್ತಾರೆ, ‘ಏನಿಲ್ಲ ಬಿಡಿ’ ಅಂತ ಮನೆಗೆ ಹೊರಡುತ್ತಾರೆ, ಮನೆಯಲ್ಲಿ ಮಲಗಿದವರು ಏಳುವುದಿಲ್ಲ.

ಹಾಗಾಗಿ ಡಾಕ್ಟರು ಮೊದಲು ನೋಡುವುದು ರೋಗಿಗೆ ಈ ಕ್ಷಣದಲ್ಲಿ ನಿರ್ಧಾರ ಮಾಡುವ ಸಾಮರ್ಥ್ಯ ಇದೆಯಾ ಅಂತ. ಹೇಳಿದ್ದು ಅರ್ಥ ಆಯಿತಾ, ಅದು ತನಗೇ ಆಗುತ್ತಿರುವುದು ಅಂತ ಗೊತ್ತಾ, ಒಂದು ಕಡೆ ಇದು ಇನ್ನೊಂದು ಕಡೆ ಅದು ಅಂತ ತೂಗಿ ನೋಡಲು ಆಗುತ್ತಾ, ನಿರ್ಧಾರವನ್ನು ಹೇಗಾದರೂ ತಿಳಿಸಲು ಆಗುತ್ತಾ. ಮಾತೇ ಆಗಬೇಕಿಲ್ಲ, ಸನ್ನೆಯೂ ಸಾಕು. ‘ವಾಪಸ್ ಹೇಳಿ ಸಾರ್’ ಅಂತ ಆ ಆಂಬುಲೆನ್ಸಿನ ಹುಡುಗ ಕೇಳಿದ್ದು ಈ ಪರೀಕ್ಷೆಯನ್ನೇ. ದೊಡ್ಡಪ್ಪನಿಗೆ ಅದು ಪರೀಕ್ಷೆ ಅಂತ ಗೊತ್ತೇ ಆಗಲಿಲ್ಲ.

ಇದು ಎಲ್ಲ ವಿಷಯಕ್ಕೂ ಒಂದೇ ಸಾರಿ ಹಾಕುವ ಮುದ್ರೆ ಅಲ್ಲ. ಮಧ್ಯಾಹ್ನ ಇಲ್ಲದ ಸಾಮರ್ಥ್ಯ ಸಂಜೆಗೆ ಬರಬಹುದು. ಕಾಫಿ ಬೇಕಾ ಟೀ ಬೇಕಾ ಅಂತ ಹೇಳಬಲ್ಲವರಿಗೆ ಕಾಲು ಕತ್ತರಿಸುವ ವಿಷಯ ತೂಗಲು ಆಗದೆ ಇರಬಹುದು.

ಎಲ್ಲ ಅರ್ಥ ಆಗಿಯೂ ಬೇಡ ಅಂದರೆ

ಮಳೆಗೆ ಅಂಡರ್‌ಪಾಸ್ ತುಂಬಿದೆ ಅಂದುಕೊಳ್ಳಿ. ಒಬ್ಬ ಸ್ಕೂಟರ್ ಓಡಿಸಿಕೊಂಡು ನೇರ ಒಳಗೆ ಹೋಗುತ್ತಿದ್ದಾನೆ. ನೀವು ಹ್ಯಾಂಡಲ್ ಹಿಡಿದು ನಿಲ್ಲಿಸುತ್ತೀರಿ, ಅವನ ಅಪ್ಪಣೆ ಕೇಳುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ನೀರು ಎಷ್ಟಿದೆ ಅಂತ ಅವನಿಗೆ ಗೊತ್ತಿಲ್ಲದಿರಬಹುದು. ಆದರೆ ‘ಐದಡಿ ನೀರಿದೆ’ ಅಂತ ಹೇಳಿದ ಮೇಲೂ ಅವನು ‘ಗೊತ್ತು, ಬಿಡಿ’ ಅಂದರೆ? ಅಲ್ಲಿಂದ ಮುಂದೆ ಎಷ್ಟು ಹೊತ್ತು ಹ್ಯಾಂಡಲ್ ಹಿಡಿದುಕೊಂಡು ನಿಲ್ಲಬಹುದು ಅನ್ನುವುದೇ ಈ ಇಡೀ ಚರ್ಚೆಯ ತಿರುಳು.

ಡಾಕ್ಟರ ದೃಷ್ಟಿಯಲ್ಲಿ ಪೆದ್ದು ಅನ್ನಿಸುವ ನಿರ್ಧಾರ ಅಂದ ಮಾತ್ರಕ್ಕೆ ರೋಗಿಗೆ ತಲೆ ಸರಿಯಿಲ್ಲ ಅಂತ ತೀರ್ಮಾನಿಸುವ ಹಾಗಿಲ್ಲ. 1993ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಬಂದ ಪ್ರಕರಣ ಇದಕ್ಕೆ ಒಳ್ಳೇ ಉದಾಹರಣೆ. 68 ವರ್ಷದ ಒಬ್ಬ ವ್ಯಕ್ತಿ, ಸ್ಕಿಜೋಫ್ರೇನಿಯಾ ಇದೆ, ಬಿಗಿ ಭದ್ರತೆಯ ಮಾನಸಿಕ ಆಸ್ಪತ್ರೆಯಲ್ಲಿದ್ದಾರೆ, ತಾನೇ ದೊಡ್ಡ ಡಾಕ್ಟರು ಅನ್ನುವ ಭ್ರಮೆ ಬೇರೆ. ಕಾಲಿಗೆ ಗ್ಯಾಂಗ್ರೀನ್ ಆಯಿತು. ಕತ್ತರಿಸದಿದ್ದರೆ ಬದುಕುವ ಸಾಧ್ಯತೆ ನೂರಕ್ಕೆ ಹದಿನೈದು ಅಂದರು. ಅವರು ಒಪ್ಪಲಿಲ್ಲ. ಕಾಯಿಲೆ ಇದ್ದರೂ ಕಾಲಿನ ವಿಷಯ ಅವರಿಗೆ ಅರ್ಥ ಆಗಿದೆ, ತೂಗಿ ನೋಡಿದ್ದಾರೆ, ಹಾಗಾಗಿ ಅವರ ಮಾತೇ ನಡೆಯಬೇಕು ಅಂತ ಕೋರ್ಟ್ ಹೇಳಿತು. ಕಾಲು ಕತ್ತರಿಸದೆ ಬೇರೆ ಚಿಕಿತ್ಸೆ ಕೊಟ್ಟರು, ಮನುಷ್ಯ ಬದುಕಿದರು. ಬದುಕಿದ್ದರಿಂದ ತೀರ್ಪು ಸರಿಯಾಯಿತು ಅಂತಲ್ಲ, ಸತ್ತಿದ್ದರೂ ಕೋರ್ಟಿನ ತರ್ಕ ಅದೇ ಇರುತ್ತಿತ್ತು. ನನಗೆ ಇದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮೂರಿನ ‘ಬೇಡ’

ಹೊರದೇಶದ ಚರ್ಚೆಯಲ್ಲಿ ‘ಬೇಡ’ ಅಂದರೆ ತತ್ವ, ನಂಬಿಕೆ, ಸ್ವಾತಂತ್ರ್ಯ ಅಂತೆಲ್ಲ ಬರುತ್ತದೆ. ಅದೂ ಇದೆ. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರು ರಕ್ತ ಹಾಕಿಸಿಕೊಳ್ಳುವುದಿಲ್ಲ, ಪ್ರಾಣ ಹೋದರೂ. ಆದರೆ ಬೆಂಗಳೂರಿನ ಯಾವುದೇ ಕ್ಯಾಶುಯಲ್ಟಿ ಮುಂದೆ ಒಂದು ಗಂಟೆ ನಿಂತರೆ ಬೇರೆಯದೇ ಕೇಳಿಸುತ್ತದೆ. ‘ಬೇಡ’ ಅಂದರೆ ‘ದುಡ್ಡಿಲ್ಲ’. ‘ಬೇಡ’ ಅಂದರೆ ‘ಐಸಿಯುಗೆ ಹೋದವರು ವಾಪಸ್ ಬರಲ್ಲ, ನಮ್ಮ ಭಾವ ಬರಲಿಲ್ಲ’. ‘ಬೇಡ’ ಅಂದರೆ ‘ಮಗ ಹುಬ್ಬಳ್ಳಿಯಿಂದ ಬರಲಿ, ನಾನೊಬ್ಬಳೇ ಹೇಗೆ ಹೇಳಲಿ’. ‘ಬೇಡ’ ಅಂದರೆ ‘ಆ ಡ್ಯೂಟಿ ಡಾಕ್ಟರು ಹಿಂದಿಯಲ್ಲಿ ಏನು ಹೇಳಿದರೋ ನನಗೆ ಗೊತ್ತಾಗಲಿಲ್ಲ, ಕೇಳೋಕೆ ನಾಚಿಕೆ’.

ಇದರಲ್ಲಿ ಒಂದೂ ನಿಜವಾದ ನಿರಾಕರಣೆ ಅಲ್ಲ. ಇವನ್ನು ‘ರೋಗಿಯ ಹಕ್ಕು’ ಅಂತ ಬರೆದುಕೊಂಡು ಸಹಿ ಹಾಕಿಸಿ ಕಳಿಸಿದರೆ ಕಾಗದದ ಮೇಲೆ ಎಲ್ಲ ಸರಿ ಇರುತ್ತದೆ, ಅಷ್ಟೇ. ದುಡ್ಡಿನ ಭಯಕ್ಕೆ ಉತ್ತರ ದುಡ್ಡಿನ ಮಾಹಿತಿ. ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿ ಅಂತ ಖಾಸಗಿ ಆಸ್ಪತ್ರೆಗಳು ಪಟ್ಟು ಹಿಡಿಯುವ ಹಾಗಿಲ್ಲ ಅಂತ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಸಿಗುತ್ತದೆ. ವಿಕ್ಟೋರಿಯಾ ಇದೆ, ಜಯದೇವ ಇದೆ. ಭಾಷೆಯ ತೊಂದರೆಗೆ ಉತ್ತರ, ಕನ್ನಡ ಬರುವ ಒಬ್ಬ ಸಿಸ್ಟರ್. ‘ಯಾಕೆ ಬೇಡ?’ ಅಂತ ಇನ್ನೊಂದು ಸಾರಿ ಕೇಳಿದರೆ ಎಷ್ಟೋ ನೈತಿಕ ಸಮಸ್ಯೆಗಳು ಅಲ್ಲೇ ಕರಗುತ್ತವೆ, ನಮ್ಮ ದೊಡ್ಡಪ್ಪನ ಗ್ಯಾಸಿನ ಹಾಗೆ.

ಮನೆಯವರ ಸಹಿಗೆ ಎಷ್ಟು ಬೆಲೆ?

ನಮ್ಮಲ್ಲಿ ಡಾಕ್ಟರು ಮಾತಾಡುವುದೇ ಮಗನ ಹತ್ತಿರ. ಅಮ್ಮ ಸ್ಟ್ರೆಚರ್ ಮೇಲೆ ಕಣ್ಣು ಬಿಟ್ಟುಕೊಂಡು ಕೇಳಿಸಿಕೊಳ್ಳುತ್ತಿರುತ್ತಾರೆ, ಅವರ ಆಪರೇಷನ್ ಬಗ್ಗೆ ಕಾರಿಡಾರಿನಲ್ಲಿ ನಾಲ್ಕು ಗಂಡಸರು ತೀರ್ಮಾನ ಮಾಡುತ್ತಿರುತ್ತಾರೆ. ಕಾನೂನಿನ ಪ್ರಕಾರ ಎಚ್ಚರವಿರುವ, ಸಾಮರ್ಥ್ಯವಿರುವ ವಯಸ್ಕರ ಬದಲಿಗೆ ಗಂಡ, ಮಾವ, ಅಣ್ಣ ಯಾರೂ ಒಪ್ಪಿಗೆ ಕೊಡಲಾರರು, ಬೇಡ ಅನ್ನಲೂ ಆರರು. ಹೆರಿಗೆ ನೋವಿನಲ್ಲಿರುವ ಹೆಂಗಸು ‘ಸಿಸೇರಿಯನ್ ಮಾಡಿ’ ಅಂತಿದ್ದಾಳೆ, ಅತ್ತೆ ‘ಇನ್ನೂ ಸ್ವಲ್ಪ ನೋಡೋಣ’ ಅಂತಿದ್ದಾರೆ ಅಂದರೆ ಡಾಕ್ಟರು ಕೇಳಬೇಕಾದ್ದು ಯಾರ ಮಾತು ಅನ್ನುವುದರಲ್ಲಿ ಗೊಂದಲವೇ ಇಲ್ಲ. ಗೊಂದಲ ಇರುವುದು ಆಮೇಲೆ ಗಲಾಟೆ ಮಾಡುವವರು ಯಾರು, ಬಿಲ್ ಕಟ್ಟುವವರು ಯಾರು ಅನ್ನುವುದರಲ್ಲಿ.

ಮಕ್ಕಳ ವಿಷಯ ಬೇರೆ. ಮಗುವಿನ ಪರವಾಗಿ ತಂದೆ ತಾಯಿ ಹೇಳಬೇಕು. ಆದರೆ ತಂದೆ ತಾಯಿಯ ಮಾತು ಮಗುವಿನ ಒಳಿತಿಗೆ ಅಂತ ಇಟ್ಟಿರುವ ಅಧಿಕಾರ. ದೊಡ್ಡವರು ತಮ್ಮ ನಂಬಿಕೆಗಾಗಿ ತಮ್ಮ ಪ್ರಾಣ ಕೊಡಬಹುದು, ಮಗುವಿನ ಪ್ರಾಣ ಕೊಡಲು ಬರುವುದಿಲ್ಲ. ಹುಲಿಯ ಕಥೆ ಇರುವ ಅದೇ ಕಲಮಿನಲ್ಲಿ ಇನ್ನೊಂದು ಉದಾಹರಣೆ ಇದೆ: ಅಪಘಾತವಾದ ಮಗುವಿಗೆ ತಕ್ಷಣ ಆಪರೇಷನ್ ಆಗಬೇಕು, ಪೋಷಕರನ್ನು ಕೇಳಲು ಸಮಯವಿಲ್ಲ, ಮಗು ಬೇಡ ಬೇಡ ಅಂತ ಗೋಗರೆಯುತ್ತಿದೆ, ಸರ್ಜನ್ ಮಾಡಿಬಿಡುತ್ತಾನೆ. ಅಪರಾಧವಿಲ್ಲ.

ಬದುಕೇ ಬೇಡ ಅಂದವರು

ಇದು ಎಲ್ಲಕ್ಕಿಂತ ಕಷ್ಟದ್ದು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ಕರೆತಂದಿದ್ದಾರೆ, ಎಚ್ಚರವಿದೆ, ‘ನನ್ನನ್ನು ಬಿಟ್ಟುಬಿಡಿ’ ಅನ್ನುತ್ತಿದ್ದಾರೆ. ನಮ್ಮಲ್ಲಿ ಡಾಕ್ಟರು ಬಿಡುವುದಿಲ್ಲ, ಅದಕ್ಕೆ ಕಾನೂನಿನ ಬೆಂಬಲವೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಹೀಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿ ಇದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಅನ್ನುತ್ತದೆ. ಮಾನಸಿಕ ಕಾಯಿಲೆ ಇರುವವರ ಜೀವಕ್ಕೆ ಅಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು ಅಂತ 94ನೇ ಕಲಂ ಹೇಳುತ್ತದೆ. ರೋಗಿ ಹೆಸರಿಸಿದ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಪಡೆಯಬೇಕು.

ಮೊದಲು ಇದು ಅಪರಾಧವೇ ಆಗಿತ್ತು, ಹಳೇ ದಂಡ ಸಂಹಿತೆಯ (ಐಪಿಸಿ) 309ನೇ ಕಲಂ. ಬದುಕು ಸಾಕಾಗಿ ಆಸ್ಪತ್ರೆಯಲ್ಲಿ ಮಲಗಿದವರ ಹಾಸಿಗೆ ಪಕ್ಕ ಪೊಲೀಸರು ಬಂದು ನಿಲ್ಲುತ್ತಿದ್ದರು. ಆ ಭಯಕ್ಕೆ ಮನೆಯವರು ನಿಜ ಹೇಳದೆ ‘ಆಕಸ್ಮಿಕ’ ಅನ್ನುತ್ತಿದ್ದರು, ಚಿಕಿತ್ಸೆ ತಪ್ಪುತ್ತಿತ್ತು. ಹೊಸ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಒತ್ತಡ ಹಾಕಲು ಹಾಗೆ ಮಾಡಿದರೆ ಮಾತ್ರ ಈಗಲೂ ಅಪರಾಧ.

ಉಳಿಸುವುದೇ ಸರಿ ಅನ್ನುವವರ ತರ್ಕ ಹೀಗಿದೆ. ಆ ಕ್ಷಣದ ನೋವು ಯೋಚನೆಯನ್ನೇ ಇಕ್ಕಟ್ಟು ಮಾಡಿರುತ್ತದೆ, ಶುಗರ್ ಇಳಿದಾಗಿನ ಹಾಗೆ, ಆದರೆ ಇದಕ್ಕೆ ಮೀಟರ್ ಇಲ್ಲ. ಉಳಿದವರಲ್ಲಿ ಬಹುಪಾಲು ಜನ ಮತ್ತೆ ಆ ದಾರಿಯಲ್ಲಿ ಸಾಯುವುದಿಲ್ಲ. ತಪ್ಪಾಗಿ ಉಳಿಸಿದರೆ ಆ ತಪ್ಪಿನ ಬಗ್ಗೆ ನಾಳೆ ಮಾತಾಡಬಹುದು, ತಪ್ಪಾಗಿ ಬಿಟ್ಟರೆ ಮಾತಾಡಲು ಅವರು ಇರುವುದಿಲ್ಲ. ಅನುಮಾನ ಇದ್ದಾಗ ಉಳಿಸು ಅನ್ನುವ ಕ್ಯಾಶುಯಲ್ಟಿಯ ರೂಢಿ ಹುಟ್ಟಿದ್ದು ಇಲ್ಲಿಂದ.

ಎಲ್ಲ ದೇಶವೂ ಹೀಗೇ ಅಂತಲ್ಲ. ಬ್ರಿಟನ್ನಿನಲ್ಲಿ 2007ರಲ್ಲಿ 26 ವರ್ಷದ ಮಹಿಳೆಯೊಬ್ಬರು ತಾವೇ ಆಂಬುಲೆನ್ಸ್ ಕರೆಸಿ, ಚಿಕಿತ್ಸೆ ಬೇಡ, ನೋವಿಲ್ಲದ ಹಾಗೆ ನೋಡಿಕೊಂಡರೆ ಸಾಕು ಅಂತ ಪತ್ರ ತಂದಿದ್ದರು. ಅವರಿಗೆ ನಿರ್ಧಾರದ ಸಾಮರ್ಥ್ಯ ಇದೆ ಅಂತ ಕಂಡ ಡಾಕ್ಟರು ಒತ್ತಾಯ ಮಾಡಲಿಲ್ಲ, ಅವರು ತೀರಿಕೊಂಡರು. ಡಾಕ್ಟರು ಕಾನೂನು ಮೀರಿಲ್ಲ ಅಂತ 2009ರ ವಿಚಾರಣೆಯಲ್ಲಿ ತೀರ್ಮಾನ ಬಂತು. ಅಲ್ಲಿನ ಡಾಕ್ಟರುಗಳೇ ಇದರ ಬಗ್ಗೆ ಎರಡು ಪಾಲಾದರು.

ಉಪವಾಸ ಸತ್ಯಾಗ್ರಹವನ್ನೂ ಇದರ ಜೊತೆ ಕಟ್ಟುವ ಅಭ್ಯಾಸ ನಮ್ಮ ಸರ್ಕಾರಗಳಿಗಿತ್ತು. ಮಣಿಪುರದ ಇರೋಮ್ ಶರ್ಮಿಳಾ 2000ದ ನವೆಂಬರಿನಿಂದ 2016ರ ಆಗಸ್ಟ್‌ವರೆಗೆ ಅನ್ನ ಮುಟ್ಟಲಿಲ್ಲ. ಅದೇ 309ರಡಿ ಮತ್ತೆ ಮತ್ತೆ ಬಂಧಿಸಿ ಮೂಗಿನ ನಳಿಕೆಯಲ್ಲಿ ಆಹಾರ ಹಾಕಿದರು. ತಾನು ಸಾಯಲು ಹೊರಟಿಲ್ಲ, ಒಂದು ಕಾನೂನು ಹೋಗಲಿ ಅಂತ ಕೇಳುತ್ತಿದ್ದೇನೆ ಅನ್ನುವುದು ಅವರ ವಾದ. ಆಮೇಲೆ ಅವರು ಅವಳಿ ಹೆಣ್ಣುಮಕ್ಕಳ ತಾಯಿಯಾದದ್ದು 2019ರಲ್ಲಿ, ಇದೇ ಬೆಂಗಳೂರಿನಲ್ಲಿ. ತಿಳಿದು ಉಪವಾಸ ಕೂತವರಿಗೆ ಬಲವಂತವಾಗಿ ಉಣಿಸುವುದು ವೈದ್ಯಧರ್ಮಕ್ಕೆ ವಿರುದ್ಧ ಅಂತ ವಿಶ್ವ ವೈದ್ಯಕೀಯ ಸಂಘದ ಮಾಲ್ಟಾ ಘೋಷಣೆ ಹೇಳುತ್ತದೆ.

(ಇದನ್ನು ಓದುತ್ತಿರುವ ಯಾರಿಗಾದರೂ ಮನಸ್ಸು ತೀರಾ ಭಾರ ಆಗಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಬಿಟ್ಟಿ, ಕನ್ನಡದಲ್ಲೇ ಮಾತಾಡಬಹುದು. ಇದರ ಹಿಂದೆ ಇರುವುದು ನಮ್ಮ ನಿಮ್ಹಾನ್ಸ್.)

ಉಳಿಸಿದ್ದಕ್ಕೇ ತಪ್ಪಿತಸ್ಥರಾಗಬಹುದಾ?

ಆಗಬಹುದು. ಕೆನಡಾದ ಒಂಟಾರಿಯೋದಲ್ಲಿ 1979ರಲ್ಲಿ ಅಪಘಾತವಾಗಿ ಪ್ರಜ್ಞೆ ಇಲ್ಲದೆ ಬಂದ ಮಹಿಳೆಯ ಪರ್ಸಿನಲ್ಲಿ ಒಂದು ಚೀಟಿ ಇತ್ತು, ಯಾವ ಸ್ಥಿತಿಯಲ್ಲೂ ನನಗೆ ರಕ್ತ ಹಾಕಬೇಡಿ ಅಂತ. ಡಾಕ್ಟರು ಚೀಟಿ ನೋಡಿಯೂ ರಕ್ತ ಹಾಕಿದರು. ಮಹಿಳೆ ಚೇತರಿಸಿಕೊಂಡು ಕೇಸ್ ಹಾಕಿದರು. 20,000 ಡಾಲರ್ ಪರಿಹಾರ ಕೊಡಬೇಕು ಅನ್ನುವ ತೀರ್ಪನ್ನು 1990ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಪ್ರಜ್ಞೆ ಇಲ್ಲದಾಗ ‘ಉಳಿಸಿ ಅನ್ನುತ್ತಿದ್ದರು’ ಅಂತ ಊಹಿಸಬಹುದು, ಆದರೆ ಊಹೆಗೆ ವಿರುದ್ಧವಾದ ಮಾತು ಕೈಯಲ್ಲೇ ಇರುವಾಗ ಊಹಿಸುವುದು ಏನನ್ನು?

ಇನ್ನೊಬ್ಬರು ಅಮೆರಿಕದ ಡ್ಯಾಕ್ಸ್ ಕೊವಾರ್ಟ್. 1973ರಲ್ಲಿ ಟೆಕ್ಸಸ್‌ನಲ್ಲಿ ಗ್ಯಾಸ್ ಸ್ಫೋಟದಲ್ಲಿ ಅವರ ತಂದೆ ತೀರಿಕೊಂಡರು, ಇವರ ಮೈಯ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋಯಿತು, ಕಣ್ಣು ಹೋಯಿತು. ಸುಟ್ಟ ಗಾಯ ತೊಳೆಯುವ ನೋವು ತಡೆಯಲಾಗದೆ ದಿನಾ ‘ನಿಲ್ಲಿಸಿ, ಸಾಯಲು ಬಿಡಿ’ ಅಂತ ಕೇಳಿದರು. ಒಂದು ವರ್ಷಕ್ಕೂ ಮೀರಿ ಬಲವಂತದ ಚಿಕಿತ್ಸೆ ನಡೆಯಿತು. ಬದುಕಿದರು, ವಕೀಲರಾದರು, ಮದುವೆಯಾದರು. ‘ನೋಡಿ, ಉಳಿಸಿದ್ದು ಒಳ್ಳೇದಾಯ್ತಲ್ವಾ’ ಅಂದವರಿಗೆ ಅವರು ಕೊನೆವರೆಗೂ ಹೇಳಿದ್ದು ಒಂದೇ: ಬದುಕು ಚೆನ್ನಾಗಿದೆ, ಆದರೂ ಆವತ್ತು ನನ್ನ ಮಾತು ಕೇಳಬೇಕಿತ್ತು. ಈ ಎರಡು ಮಾತನ್ನು ಒಟ್ಟಿಗೆ ಹೇಳಲು ಸಾಧ್ಯ ಅನ್ನುವುದೇ ನಮ್ಮ ವಾಟ್ಸಾಪ್ ಗುಂಪಿನ ಎರಡೂ ಪಾಳಯಕ್ಕೆ ಹೊಳೆದಿರಲಿಲ್ಲ.

ಸಹಿ ಮಾಡಿ ಹೊರಟರೆ

ಡಾಕ್ಟರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಆಗುವುದನ್ನು ಆಸ್ಪತ್ರೆಯವರು ‘ಡಾಮಾ’ ಅನ್ನುತ್ತಾರೆ, ನಾವು ‘ಸ್ವಂತ ಜವಾಬ್ದಾರಿ ಮೇಲೆ’ ಅನ್ನುತ್ತೇವೆ. ಸಾಮರ್ಥ್ಯ ಇರುವವರನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಹಾಗಂತ ಸಹಿ ಬಿತ್ತು ಅಂದ ಕೂಡಲೇ ಡಾಕ್ಟರ ಹೊಣೆ ಮುಗಿಯುವುದೂ ಇಲ್ಲ. ಅಪಾಯ ಏನೆಂದು ಅವರ ಭಾಷೆಯಲ್ಲಿ ಹೇಳಿದ್ದು, ಅವರು ಏನು ಉತ್ತರ ಕೊಟ್ಟರು ಅನ್ನುವುದು ಫೈಲಿನಲ್ಲಿರಬೇಕು. ಮುಖ್ಯ ಚಿಕಿತ್ಸೆ ಬೇಡ ಅಂದವರಿಗೂ ನೋವಿನ ಮಾತ್ರೆ ಕೊಡಬೇಕು. ‘ಮನಸ್ಸು ಬದಲಾದರೆ ಯಾವ ಹೊತ್ತಿಗಾದರೂ ಬನ್ನಿ’ ಅನ್ನುವುದನ್ನು ಸಿಟ್ಟಿಲ್ಲದೆ ಹೇಳಬೇಕು. ‘ಹೋದ್ರೆ ಮತ್ತೆ ಸೇರಿಸ್ಕೊಳ್ಳಲ್ಲ’ ಅಂತ ಹೆದರಿಸುವುದನ್ನು ನಾನೇ ಒಂದು ಕಡೆ ಕೇಳಿದ್ದೇನೆ. ಅದು ತಪ್ಪು.

ಲಿವಿಂಗ್ ವಿಲ್ ಬರೆದಿಟ್ಟಿದ್ದರೆ?

ಸ್ಟೆಂಟ್ ಹಾಕಿಸಿಕೊಂಡು ಬಂದ ವಾರಕ್ಕೆ ದೊಡ್ಡಪ್ಪ ನನ್ನನ್ನು ಕರೆದು, “ಅದೇನೋ ಲಿವಿಂಗ್ ವಿಲ್ ಅಂತಾರಲ್ಲ, ನಂಗೊಂದು ಬರೆದುಕೊಡು. ಟ್ಯೂಬು ಗೀಬು ಹಾಕಿ ತಿಂಗಳುಗಟ್ಟಲೆ ಮಲಗಿಸ್ಬಾರದು” ಅಂದರು. ಅರುಣಾ ಶಾನಭಾಗ್ ವಿಷಯ ಅವರ ತಲೆಯಲ್ಲಿತ್ತು. ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬೈಯಲ್ಲಿ ನರ್ಸ್ ಆಗಿದ್ದವರು, 1973ರಲ್ಲಿ ಹಲ್ಲೆಯಾದ ಮೇಲೆ 2015ರವರೆಗೆ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅವರ ಪ್ರಕರಣದಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲ ಸಾರಿ, ಗುಣವಾಗದವರ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸುವ ಬಾಗಿಲನ್ನು ಸ್ವಲ್ಪ ತೆರೆದದ್ದು. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್. 2018ರಲ್ಲಿ ಅದಕ್ಕೆ ಮಾನ್ಯತೆ ಬಂತು, 2023ರ ಜನವರಿಯಲ್ಲಿ ನಿಯಮ ಸಡಿಲವಾಯಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಮಾಡಿಸಿದರೆ ಸಾಕು. ನಮ್ಮ ಪರವಾಗಿ ಮಾತಾಡುವವರ ಹೆಸರು ಅದರಲ್ಲಿರಬೇಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ.

ಆದರೆ ಆ ಪತ್ರಕ್ಕೆ ಬಲ ಬರುವುದು ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ, ಅದೂ ಆಸ್ಪತ್ರೆಯ ಒಂದು ವೈದ್ಯರ ಮಂಡಳಿ, ಆಮೇಲೆ ಹೊರಗಿನ ವೈದ್ಯರೂ ಇರುವ ಇನ್ನೊಂದು ಮಂಡಳಿ ಹೌದು ಅಂದ ಮೇಲೆ. ಎದೆ ಹಿಡಿದುಕೊಂಡು ಕೂತವರನ್ನು ಆಸ್ಪತ್ರೆಗೆ ಸಾಗಿಸುವುದನ್ನು ಅದು ತಡೆಯುವುದಿಲ್ಲ. ಇದನ್ನೆಲ್ಲ ದೊಡ್ಡಪ್ಪನಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು.

“ಹಾಗಾದ್ರೆ ಆವತ್ತು ರಾತ್ರಿ ಈ ಪತ್ರ ಇದ್ದಿದ್ರೂ ಉಪಯೋಗಕ್ಕೆ ಬರ್ತಿರಲಿಲ್ವಾ?”

“ಇಲ್ಲ ದೊಡ್ಡಪ್ಪ. ಆವತ್ತು ನಿಮ್ಮ ಬಾಯಿ ಮಾತೇ ನಡೀತಿತ್ತು.”

“ಆ ಹುಡುಗ ಬಿಟ್ಟು ಹೋಗ್ತಿದ್ನಾ?”

“ನೀವು ಪೂರ್ತಿ ವಾಪಸ್ ಹೇಳಿ ಬೇಡ ಅಂದಿದ್ರೆ, ಹೋಗ್ತಿದ್ದ.”

ಪತ್ರಕ್ಕೆ ಸಾಕ್ಷಿ ಹಾಕಲು ಎದುರುಮನೆಯವರನ್ನು ಕೇಳಿದ್ದಾಗಿದೆ. ಇನ್ನೊಬ್ಬರು ಬೇಕು. ಆ ಆಂಬುಲೆನ್ಸಿನ ಹುಡುಗ ಸಿಗ್ತಾನಾ ನೋಡು ಅಂತ ದೊಡ್ಡಪ್ಪ ಎರಡು ದಿನದಿಂದ ಗಂಟುಬಿದ್ದಿದ್ದಾರೆ.